ಮನೆಗಾಡಿಗೊಂದು ಮರಿಗಾಡಿ

ದೊಡ್ಡ ನಾವೆಯು ದಡದವರೆಗೆ ಬರಲಾರದು. ಆಳವಾದ ನೀರಿನಲ್ಲಿ ಲಂಗರು ಹಾಕಿ ಅದು ದೂರದಲ್ಲಿಯೇ ನಿಲ್ಲುವುದು. ಜನರನ್ನೂ ಸಾಮಾನುಗಳನ್ನೂ ದಡ ಮುಟ್ಟಿಸುವ ಕೆಲಸವು ಅದರೊಡನೆ ಬಂದ ಸಣ್ಣ ದೋಣಿಯದು. ಕರಾವಳಿಯಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚಕ್ರಗಳ ಮೇಲೆ ಮನೆಯನ್ನು ಕಟ್ಟಿಕೊಂಡು ದೇಶ ಸುತ್ತುವ ಅಮೆರಿಕದ ಜನರು ತಮ್ಮ ಭಾರಿ ಗಾಡಿಯ ಬೆನ್ನಿಗೆ ಸಣ್ಣದೊಂದು ಕಾರನ್ನು ಸಿಕ್ಕಿಸಿ ಎಳೆದೊಯ್ಯುತ್ತಾರಷ್ಟೆ. ಆ ಮರಿಗಾಡಿಗೆ ಅವರು ಇಟ್ಟ ಹೆಸರುಗಳಲ್ಲಿ ‘ಡಿಂಗಿ’ ಎಂಬುದೂ ಒಂದು. ಸಣ್ಣ ದೋಣಿ ಎಂಬರ್ಥದ ಈ ಮಾತು ನಮ್ಮ ದೇಶದ ನದೀತೀರಗಳಿಂದಲೇ ಇಂಗ್ಲಿಷಿಗೆ ಹೋದುದು. ಹೀಗೆ ಪರದೇಶ ಸುತ್ತಿದ ಮಾತು ಈಗ ಪ್ರಶ್ನೆಯ ರೂಪದಲ್ಲಿ ನಮ್ಮ ಊರಿಗೆ ಹಿಂದಿರುಗಿದೆ.

ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿರುವ ಸಿದ್ಧಕಟ್ಟೆಯ ಸಮೀಪದ ಮನೆಯವರೊಬ್ಬರು ಇಂತಹ ಮನೆಗಾಡಿಯೊಂದನ್ನು ಕೊಳ್ಳುವ ಸನ್ನಾಹದಲ್ಲಿದ್ದಾರೆ. ಯಜಮಾನರು ಉದ್ಯೋಗದಿಂದ ನಿವೃತ್ತರು. ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು. ಇವರೆಲ್ಲರ ಮೇಲೆ ಎಂಬತ್ತು ದಾಟಿದ, ಮೊಣಕಾಲು ಸೋತ ಅಜ್ಜಿ. ವೇಣೂರು, ಮೂಡುಬಿದಿರೆ, ಕಾರ್ಕಳಗಳನ್ನು ನೋಡಿ, ಚಾರ್ಮಾಡಿಯನ್ನೇರಿ ಬೇಲೂರು, ಶ್ರವಣಬೆಳಗೊಳಗಳವರೆಗೆ ಹೋಗಬೇಕೆಂಬುದು ಅವರ ಸಂಕಲ್ಪ. ಅಜ್ಜಿಯವರಾದರೋ, “ನೀವೆಲ್ಲ ಇಳಿದು ನೋಡಿ ಬನ್ನಿ ಮಕ್ಕಳೇ, ನಾನು ಗಾಡಿಯಲ್ಲಿಯೇ ಕುಳಿತಿರುತ್ತೇನೆ” ಎಂದು ಮೊದಲೇ ಹೇಳಿಬಿಟ್ಟಿದ್ದಾರೆ. ಈ ಮಾತು ಮನೆಯವರ ಮನಸ್ಸಿಗೆ ಮುಳ್ಳಿನಂತೆ ಚುಚ್ಚಿದೆ. ಜೊತೆಗೊಂದು ಸಣ್ಣ ವಾಹನವನ್ನು ಒಯ್ಯುವುದಾದರೆ ಯಾವುದನ್ನು ಒಯ್ಯಬೇಕೆಂದು ಅವರು ನಮ್ಮನ್ನು ಕೇಳಿದರು. ಇತರ ಕುಟುಂಬಗಳಿಗೂ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇವೆ.

ಮನೆಗಾಡಿಯೆಂಬುದು ಈಗ ನಮ್ಮಲ್ಲಿ ಕೇವಲ ವಿನೋದದ ವಸ್ತುವಾಗಿ ಉಳಿದಿಲ್ಲ. ಹಾಸಿಗೆ, ಮೇಜು, ಅಡಿಗೆಯ ಏರ್ಪಾಡುಗಳುಳ್ಳ ಇಂತಹ ಗಾಡಿಗಳಿಗಾಗಿಯೇ ಸರಕಾರವು ಪ್ರತ್ಯೇಕವಾದ ತಾಂತ್ರಿಕ ನಿಯಮವನ್ನು ಗೊತ್ತುಪಡಿಸಿದೆ. ನೆರೆಯ ಕೇರಳವು 2021ರಲ್ಲಿ ಇವುಗಳಿಗಾಗಿಯೇ ಪ್ರವಾಸ ಯೋಜನೆಯೊಂದನ್ನು ಪ್ರಕಟಿಸಿತು. ಆದರೆ ಏಳು ಮೀಟರು ಉದ್ದದ ಗಾಡಿಯೊಂದಿಗೆ ನಮ್ಮ ಸೀಮೆಯ ಒಳದಾರಿಗಳಿಗೆ ಇಳಿದವರಿಗೆ ಕಷ್ಟವು ಕೂಡಲೇ ತಿಳಿಯುವುದು. ಮನೆಗಳು ಗುಡ್ಡದ ಬುಡದ ಬೈಲಿನಲ್ಲಿ. ಅಲ್ಲಿಗಿಳಿಯುವ ದಾರಿಯು ಎರಡು ದರೆಗಳ ನಡುವೆ ಸೀಳಿದ ಕಿರಿದಾದ ಓಣಿ. ಕೊನೆಯಲ್ಲೊಂದು ಸಂಕ ಅಥವಾ ಮೋರಿ. ಗಾಡಿಯನ್ನು ರಾಜಮಾರ್ಗದ ಬದಿಯಲ್ಲಿ ನಿಲ್ಲಿಸಿ, ತೊಟ್ಟಿ ತುಂಬಿಸಿ, ಹಾಸಿಗೆ ಬಿಚ್ಚಿ, ಒಲೆ ಹಚ್ಚಿದ ಮೇಲೆ, ಅರ್ಧ ಸೇರು ಹಾಲಿಗಾಗಿ ಅಷ್ಟನ್ನೂ ಮಡಚಿ ಹೊರಡುವುದು ಯಾರಿಗೂ ಬೇಡವಾದ ಕೆಲಸ. ಹಾಲಿಗಾದರೆ ನಡೆದು ಹೋಗಬಹುದು. ನಡುರಾತ್ರಿಯಲ್ಲಿ ಅಜ್ಜಿಗೆ ಎದೆನೋವು ಬಂದರೆ? ಸಣ್ಣ ವಾಹನದ ಪ್ರಶ್ನೆಯು ನಿಜವಾಗಿ ಇಲ್ಲಿಂದ ಆರಂಭವಾಗುತ್ತದೆ.

ಅಮೆರಿಕದಲ್ಲಿ ನೆಲೆಸಿರುವ ಬಂಧುಗಳು ಇಂತಹ ಸಂದರ್ಭದಲ್ಲಿ ಬಹಳ ಸುಲಭವಾದ ಸಲಹೆಯನ್ನು ಕೊಡುವರು: “ಕಾರನ್ನು ಹಿಂದೆ ಕಟ್ಟಿಕೊಂಡು ಹೋಗಿರಿ.” ಅಲ್ಲಿ ನಾಲ್ಕು ಚಕ್ರಗಳನ್ನೂ ನೆಲದ ಮೇಲೆಯೇ ಉರುಳಗೊಟ್ಟು ಕಬ್ಬಿಣದ ತೋಳಿನಿಂದ ಎಳೆಯುವುದು ರೂಢಿ. ನಮ್ಮಲ್ಲಿ ಜಿಪ್ಸಿಯೆಂದು ಹೆಸರಾದ ಗಾಡಿಯ ಒಡಹುಟ್ಟಾದ ಸುಜುಕಿ ಸಮುರಾಯ್ ಅಲ್ಲಿ ಈ ಕೆಲಸಕ್ಕೆ ಹೆಸರು ಪಡೆದಿತ್ತು. ಆದರೆ ಎಲ್ಲ ಕಾರುಗಳೂ ಹೀಗೆ ಎಳೆಸಿಕೊಳ್ಳಲು ಒಗ್ಗುವುದಿಲ್ಲ. ಎಂಜಿನ್ನು ನಿಂತಿರುವಾಗ ಚಕ್ರಗಳು ಮಾತ್ರ ತಿರುಗುತ್ತಿದ್ದರೆ, ತಾನಾಗಿಯೇ ಗೇರು ಬದಲಿಸಿಕೊಳ್ಳುವ ಅನೇಕ ಕಾರುಗಳಲ್ಲಿ ಎಣ್ಣೆಯನ್ನು ಹರಿಯಿಸುವ ಪಂಪು ಕೆಲಸ ಮಾಡುವುದಿಲ್ಲ. ಒಳಗಿನ ಭಾಗಗಳು ಒಣಗಿಕೊಂಡೇ ಉಜ್ಜಿ ಕಾದು ಕೆಡುವುವು. ಎಳೆಯುವ ಚಕ್ರಗಳು ಮುಂದಿದ್ದರೆ ಮುಂಭಾಗವನ್ನೂ, ಟಾಟಾ ನ್ಯಾನೋವಿನಂತೆ ಎಂಜಿನ್ನೂ ಎಳೆತವೂ ಹಿಂದಿದ್ದರೆ ಹಿಂಭಾಗವನ್ನೂ ನೆಲದಿಂದೆತ್ತಿ ಒಯ್ಯುವುದು ಕ್ಷೇಮ. ಹಾಗೆ ಜೋಡಿಸಿದ ಗಾಡಿಯನ್ನು ಹಿಂದಕ್ಕೆ ಸರಿಸುವುದಂತೂ ದುಸ್ಸಾಧ್ಯ. ದಾರಿ ತಪ್ಪಿ ಒಂದು ಓಣಿಗೆ ನುಗ್ಗಿದರೆ, ಬಿಚ್ಚಿ, ತಿರುಗಿಸಿ, ಪುನಃ ಕಟ್ಟಬೇಕು.

ಇಷ್ಟೆಲ್ಲ ಯಂತ್ರವಿಚಾರವನ್ನು ಹೇಳಿದೆವಾದರೂ, ನಮ್ಮ ದೇಶದಲ್ಲಿ ಈ ಮಾರ್ಗವನ್ನು ಕಾಯಿದೆಯೇ ಮುಚ್ಚಿದೆ. 1989ರ ರಸ್ತೆ ನಿಯಮಗಳ ಪ್ರಕಾರ, ಕೆಟ್ಟುನಿಂತ ವಾಹನ, ಪೂರ್ತಿ ಜೋಡಣೆಯಾಗದ ವಾಹನ, ನೋಂದಾಯಿಸಿದ ಟ್ರೇಲರ್, ಪಕ್ಕದ ತೊಟ್ಟಿಲು ಇವುಗಳ ಹೊರತು ಬೇರೆ ಯಾವುದನ್ನೂ ಎಳೆಯಕೂಡದು. ಎಳೆಯಬಹುದಾದ ಕೆಟ್ಟ ವಾಹನಕ್ಕಾದರೂ ಚುಕ್ಕಾಣಿಯಲ್ಲಿ ಪರವಾನಗಿಯುಳ್ಳ ಒಬ್ಬನು ಕುಳಿತಿರಬೇಕು, ಇಲ್ಲವೇ ಅದರ ಮುಂಚಕ್ರಗಳು ನೆಲದಿಂದ ಮೇಲೆದ್ದಿರಬೇಕು. ನಡುವಿನ ಅಂತರ ಐದು ಮೀಟರನ್ನು ಮೀರಬಾರದು. ವೇಗವು ಗಂಟೆಗೆ 24 ಕಿಲೋಮೀಟರಿನೊಳಗೆ ಇರಬೇಕು. 2017ರಲ್ಲಿ ಆ ನಿಯಮಗಳ ಸ್ಥಾನಕ್ಕೆ ಹೊಸವು ಬಂದವಾದರೂ ಈ ವಿಷಯದ ಮೂಲತತ್ತ್ವವು ಬದಲಾಗಲಿಲ್ಲ. ಸುಸ್ಥಿತಿಯಲ್ಲಿರುವ ಕಾರನ್ನು ಸುಖಕ್ಕಾಗಿ ಎಳೆದೊಯ್ಯುವ ಪದ್ಧತಿಗೆ ಇಲ್ಲಿ ಎಡೆಯಿಲ್ಲವೆಂದು ತಿಳಿಯತಕ್ಕದ್ದು. ಸಿದ್ಧಕಟ್ಟೆಯಿಂದ ಶ್ರವಣಬೆಳಗೊಳಕ್ಕೆ ಆ ವೇಗದಲ್ಲಿ ಹೊರಟವರು ಎತ್ತಿನ ಗಾಡಿಯ ಕಾಲವನ್ನು ನೆನೆದುಕೊಳ್ಳಬೇಕಾದೀತು.

ನೋಂದಾಯಿಸಿದ ಟ್ರೇಲರಿನ ಮೇಲೆ ಕಾರನ್ನೇರಿಸಿ ಒಯ್ಯಬಾರದೇ ಎಂದು ಕೇಳಬಹುದು. ಒಯ್ಯಬಹುದು. ಆರುನೂರು ಕಿಲೋಗ್ರಾಮಿನ ಆಸುಪಾಸಿನ ನ್ಯಾನೋವಾಗಲಿ, ಹಳೆಯ ಮಾರುತಿ 800 ಆಗಲಿ ಇದಕ್ಕೆ ಹಗುರವೆಂಬುದೂ ನಿಜ. ಅವುಗಳ ತಯಾರಿಕೆಯು ನಿಂತು ವರ್ಷಗಳಾದವು. ಆದರೆ ಓಡುತ್ತಿರುವವು ಇನ್ನೂ ಉಂಟು. ಈಗಿನವುಗಳಲ್ಲಿ 2023ರಲ್ಲಿ ಬಂದ ವಿದ್ಯುತ್ತಿನ ಕಾಮೆಟ್ ಮೂರು ಮೀಟರಿಗಿಂತಲೂ ಗಿಡ್ಡದು. ಆದರೂ ಟ್ರೇಲರಿನ ತೂಕ ಸೇರಿ ಟನ್ನಿನ ಭಾರ. ಏಳು ಮೀಟರಿನ ಗಾಡಿಗೆ ಐದು ಮೀಟರಿನ ಬಾಲ. ಚಾರ್ಮಾಡಿಯ ಇಳಿಜಾರಿನಲ್ಲಿ ಮುಂದಿನ ಗಾಡಿಯು ತಡೆ ಹಿಡಿದಾಗ ಹಿಂದಿನ ಭಾರವು ಅದನ್ನು ನೂಕುತ್ತಲೇ ಇರುವುದು. ಟ್ರೇಲರಿಗೆ ತನ್ನದೇ ಬ್ರೇಕು ಇಲ್ಲದಿದ್ದರೆ ತಿರುವಿನಲ್ಲಿ ಎರಡೂ ಚಾಕುವಿನಂತೆ ಮಡಚಿಕೊಳ್ಳುವ ಭಯವುಂಟು. ಅದನ್ನು ಹಿಂದಕ್ಕೆ ನಡೆಸುವವನು ಎಡಕ್ಕೆ ಸರಿಯಬೇಕಾದರೆ ಚುಕ್ಕಾಣಿಯನ್ನು ಬಲಕ್ಕೆ ತಿರುಗಿಸಬೇಕು. ತಿಂಗಳುಗಟ್ಟಲೆ ಬಯಲಲ್ಲಿ ಅಭ್ಯಾಸ ಮಾಡದೆ ಹದಿನಾಲ್ಕು ತಿರುವುಗಳ ಆಗುಂಬೆಯ ಕಡೆಗೆ ಮುಖ ಹಾಕುವುದು ಸಾಹಸವಲ್ಲ, ಅವಿವೇಕ.

ಹಾಗಾದರೆ ದ್ವಿಚಕ್ರ? ಗಾಡಿಯ ಬೆನ್ನಿಗೆ ಕಬ್ಬಿಣದ ಅಡ್ಡೆಯನ್ನು ಕೂಡಿಸಿ ಸ್ಕೂಟರನ್ನು ನಿಲ್ಲಿಸುವ ಪದ್ಧತಿಯನ್ನು ಹಲವರು ಮೆಚ್ಚುತ್ತಾರೆ. ಇಲ್ಲಿ ತಕ್ಕಡಿಯ ಲೆಕ್ಕವೊಂದನ್ನು ಮರೆಯಬಾರದು. ಸ್ಕೂಟರಿನದು ನೂರು ಕಿಲೋಗ್ರಾಮಿಗೆ ಸ್ವಲ್ಪ ಮಿಕ್ಕಿದ ತೂಕ. ಅಡ್ಡೆಯೂ ಸೇರಿ 130 ಎನ್ನೋಣ. ಹಿಂದಿನ ಅಚ್ಚಿನಿಂದ 2.4 ಮೀಟರು ಆಚೆಗೆ ಅದು ತೂಗುತ್ತಿದ್ದು, ಎರಡು ಅಚ್ಚುಗಳ ನಡುವಿನ ದೂರವು 4 ಮೀಟರಾದರೆ, ಮುಂದಿನ ಚಕ್ರಗಳ ಮೇಲಿನ ಭಾರದಲ್ಲಿ 78 ಕಿಲೋಗ್ರಾಮು ಕಡಮೆಯಾಗುವುದು; ಹಿಂದಿನ ಅಚ್ಚಿಗೆ 130ರ ಬದಲು 208 ಬೀಳುವುದು. ಗಾಡಿಯನ್ನು ತಿರುಗಿಸತಕ್ಕವು ಮುಂದಿನ ಚಕ್ರಗಳೇ. ನೀರಿನ ತೊಟ್ಟಿಯೂ ಹಿಂಬದಿಯಲ್ಲಿಯೇ ಇದ್ದರೆ ಕಥೆ ಮುಗಿಯಿತು. ಆದುದರಿಂದ ಸಾಮಾನು ತುಂಬಿದ ಗಾಡಿಯ ಎರಡು ಅಚ್ಚುಗಳನ್ನೂ ಲಾರಿಗಳನ್ನು ತೂಗುವ ತೂಕಸೇತುವೆಯ ಮೇಲೆ ಬೇರೆಬೇರೆಯಾಗಿ ತೂಗಿಸಿ, ಗಾಡಿಯ ತಯಾರಕರು ಹಾಕಿದ ಮಿತಿಯೊಡನೆ ಹೋಲಿಸಿ ನೋಡಿದ ಮೇಲೆಯೇ ಅಡ್ಡೆಯನ್ನು ಕೂಡಿಸುವುದು ಲೇಸು. ನೋಂದಣಿಯಾದ ವಾಹನದ ಮೂಲ ರಚನೆಯನ್ನು ಮನಸ್ವಿಯಾಗಿ ಬದಲಿಸಕೂಡದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ತೀರ್ಪಿತ್ತಿರುವುದರಿಂದ, ಗಾಡಿಯನ್ನು ಕಟ್ಟಿಸುವಾಗಲೇ ಅಡ್ಡೆಯ ಮಾತನ್ನೂ ಆಡಿ ಕಾಗದಪತ್ರಗಳಲ್ಲಿ ಸೇರಿಸಬೇಕು. ಹಿಂದಿನ ದೀಪವೂ ನಂಬರಿನ ಫಲಕವೂ ಮರೆಯಾಗಬಾರದು.

ಹಗುರವೇ ಬೇಕಾದವರಿಗೆ ತೊಂಬತ್ತು ಕಿಲೋಗ್ರಾಮಿನೊಳಗಿನ ಟಿ.ವಿ.ಎಸ್. ಎಕ್ಸೆಲ್ ಉಂಟು. 1980ರಲ್ಲಿ ಬಂದ ಟಿ.ವಿ.ಎಸ್. 50ರ ಸಂತತಿಯ ಈ ಗಾಡಿಯು ನೋಡಲು ಬಡಕಲು. ಆದರೆ ಮೀನಿನ ಪೆಟ್ಟಿಗೆಯನ್ನೂ ಹಿಂಡಿಯ ಗೋಣಿಯನ್ನೂ ಹೊತ್ತು ಏರುದಾರಿಯಲ್ಲಿ ಹೋಗುವ ಅದರ ಗುಣವನ್ನು ನಮ್ಮ ಹಳ್ಳಿಗಳಲ್ಲಿ ಕಾಣದವರಿಲ್ಲ. ಪೆಟ್ರೋಲಿನ ಯಾವ ವಾಹನವನ್ನೂ ಮನೆಗಾಡಿಯ ಒಳಗಡೆ ಮಾತ್ರ ಇಡಲೇಬಾರದು. ಪೆಟ್ರೋಲಿನ ಆವಿಯು ಗಾಳಿಗಿಂತ ಭಾರವಾದುದು. ಅದು ನೆಲದ ಮೇಲೆ ಹರಡಿಕೊಂಡು ಅಡಿಗೆಯ ಒಲೆಯ ಕಿಡಿಗಾಗಿ ಕಾದಿರುವುದು. ಮಕ್ಕಳು ಮಲಗುವ ಸ್ಥಳದಲ್ಲಿ ಅಂತಹ ಅಪಾಯವನ್ನು ತಂದಿಡುವ ಗೃಹಸ್ಥನಿಗೆ ಯಾವ ಸಮಾಧಾನವನ್ನೂ ಹೇಳಲು ನಮಗೆ ಮನಸ್ಸಿಲ್ಲ.

ಗಂಡಹೆಂಡಿರಿಬ್ಬರೇ ಹೊರಡುವ ಪ್ರವಾಸಕ್ಕೆ ಈ ದ್ವಿಚಕ್ರವು ಸಾಕು, ಬೇಕಾದಷ್ಟಾಯಿತು. ಸಿದ್ಧಕಟ್ಟೆಯ ಆ ಮನೆಯವರಿಗೆ ನಾವು ಇದನ್ನು ಹೇಳಲಿಲ್ಲ. ಮೊಣಕಾಲು ಮಡಚಲಾರದ ಎಂಬತ್ತರ ವೃದ್ಧೆಯನ್ನು, ಅದೂ ಅಸ್ವಸ್ಥರಾದ ವೇಳೆಯಲ್ಲಿ, ರಾತ್ರಿ ಮಳೆಯಲ್ಲಿ ಸ್ಕೂಟರಿನ ಹಿಂದೆ ಕುಳ್ಳಿರಿಸಿ ಆಸ್ಪತ್ರೆಗೆ ಒಯ್ಯುವುದನ್ನು ಕಲ್ಪಿಸಿಕೊಂಡರೆ ಸಾಕು. ಆ ಮನೆಯಲ್ಲಿ ಕಾರು ನಡೆಸಬಲ್ಲವರು ಮೂವರಿದ್ದಾರೆ. ಅಂಗಳದಲ್ಲಿ ಹಳೆಯ ಸಣ್ಣ ಕಾರೊಂದು ನಿಂತಿದೆ. ತಂದೆಯವರು ಮನೆಗಾಡಿಯನ್ನು ನಡೆಸಲಿ, ಮಗನೋ ಸೊಸೆಯೋ ಕಾರನ್ನು ಹಿಂದೆ ನಡೆಸಿಕೊಂಡು ಬರಲಿ, ಎಳೆಯುವ ಮಾತನ್ನೇ ಬಿಡಿರಿ ಎಂದೆವು. ಒಟ್ಟು ಭಾರ 7500 ಕಿಲೋಗ್ರಾಮು ಮೀರದ ಗಾಡಿಗೆ ಹಗುರ ವಾಹನದ ಪರವಾನಗಿಯೇ ಸಾಕೆಂಬುದನ್ನು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠವು 2024ರ ನವೆಂಬರಿನಲ್ಲಿ ಸ್ಥಿರಪಡಿಸಿರುವುದರಿಂದ ಆ ತೊಡಕೂ ಇಲ್ಲ. ಲೀಟರಿಗೆ 20 ಕಿಲೋಮೀಟರು ಓಡುವ ಕಾರಿಗೆ 600 ಕಿಲೋಮೀಟರಿನ ಸುತ್ತಿಗೆ 30 ಲೀಟರು ಪೆಟ್ರೋಲು ಬೇಕು. ಟ್ರೇಲರಿನ ಕ್ರಯ, ನೋಂದಣಿ, ಟೈರುಗಳ ಮುಂದೆ ಈ ವೆಚ್ಚವು ಎಷ್ಟರದು? ಘಟ್ಟದಲ್ಲಿ ಮುಂದೆ ಹೋದ ಕಾರು ದಾರಿಯ ಸ್ಥಿತಿಯನ್ನು ತಿಳಿಸಲೂಬಹುದು. 2019ರ ಆಗಸ್ಟಿನ ಮಳೆಗೆ ಗುಡ್ಡ ಕುಸಿದು ಚಾರ್ಮಾಡಿಯ ಸಂಚಾರವೇ ನಿಂತುದನ್ನು ಕಂಡ ನಮ್ಮ ಕಡೆಯವರಿಗೆ ಇದು ಅಲ್ಪ ಲಾಭವಲ್ಲ.

ಕಾರನ್ನು ಆರಿಸುವಾಗ ಮನೆಯ ಹೆಂಗಸರ ಮಾತಿಗೆ ಬೆಲೆ ಕೊಡಬೇಕು. ಗಂಡಸರು ಎಂಜಿನ್ನಿನ ಶಕ್ತಿಯನ್ನು ಕೇಳುತ್ತಾರೆ. ಸೊಸೆಯಾದವಳು ಅಜ್ಜಿಯು ಕುಳಿತೇಳುವ ಕಷ್ಟವನ್ನು ಬಲ್ಲಳು. ಬಾಗಿಲು ಅಗಲವಾಗಿ ತೆರೆಯಬೇಕು. ಆಸನವು ತೀರಾ ತಗ್ಗಾಗಿರಬಾರದು, ಹತ್ತಿ ಕುಳಿತುಕೊಳ್ಳುವಷ್ಟು ಎತ್ತರವೂ ಆಗಬಾರದು. ಅವರು ನಿಂತಲ್ಲಿಂದ ಬೆನ್ನು ಹಾಕಿ ಮೆಲ್ಲನೆ ಕುಳಿತು ಕಾಲುಗಳನ್ನು ಒಳಗೆ ತಿರುಗಿಸಿಕೊಳ್ಳುವಂತಿರಬೇಕು. ಅಜ್ಜಿಯವರನ್ನೇ ಕರೆದೊಯ್ದು ಎರಡು ಬಾರಿ ಕುಳ್ಳಿರಿಸಿ ಎಬ್ಬಿಸಿ ನೋಡದೆ ಹಣ ಕೊಡಬಾರದು. ಎರಡೇ ಬಾಗಿಲಿನ ಕಾರು ಎಷ್ಟು ಮುದ್ದಾಗಿದ್ದರೂ ಹಿಂದಿನ ಆಸನಕ್ಕೆ ನುಸುಳುವ ಶ್ರಮವು ಅಜ್ಜಿಗೂ ಬೇಡ, ಮಗುವನ್ನೆತ್ತಿಕೊಂಡ ತಾಯಿಗೂ ಬೇಡ.

ಇನ್ನೊಂದು ಸಣ್ಣ ವಾಹನದ ಮಾತನ್ನು ಹೇಳಿದಾಗ ಯಜಮಾನರು ನಮ್ಮ ಮುಖವನ್ನೇ ನೋಡಿದರು. ಅದು ಮಡಚುವ ಗಾಲಿಕುರ್ಚಿ. ಒಬ್ಬರೇ ಎತ್ತಬಹುದಾದಷ್ಟು ತೂಕ. ಹಾಸಿಗೆಯ ಅಡಿಯಲ್ಲಿ ಅಡಗುತ್ತದೆ. ಅದಕ್ಕೆ ಪರವಾನಗಿಯೂ ಬೇಡ, ಪೆಟ್ರೋಲೂ ಬೇಡ. ಕಾರು ಎಷ್ಟು ಸಣ್ಣದಾದರೂ ಬಸದಿಯ ಹೊರಬಾಗಿಲಿನಲ್ಲಿ ನಿಲ್ಲುವುದಷ್ಟೆ. ಅಲ್ಲಿಂದ ಒಳಗಿನ ನೂರು ಹೆಜ್ಜೆಗಳಿಗಾಗಿಯೇ ಅಲ್ಲವೇ ಅಜ್ಜಿಯವರು ಗಾಡಿಯಲ್ಲಿ ಉಳಿಯಲು ಒಪ್ಪಿದುದು? ಮೂಡುಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿಯ ವಿಶಾಲವಾದ ಅಂಗಳದಲ್ಲಿ ಅವರನ್ನು ಮೊಮ್ಮಕ್ಕಳೇ ತಳ್ಳಿಕೊಂಡು ಹೋಗಬಹುದು. ಮೆಟ್ಟಿಲು ಬಂದಲ್ಲಿ ಇಬ್ಬರು ಹಿಡಿದುಕೊಂಡರಾಯಿತು. ವೇಣೂರಿನಲ್ಲಿ 1604ರಿಂದ ನಿಂತಿರುವ ಮೂವತ್ತೈದು ಅಡಿಯ ಬಾಹುಬಲಿಯನ್ನು ಅಂಗಳದಿಂದಲೇ ತಲೆಯೆತ್ತಿ ನೋಡಬಹುದು. ಕಾರ್ಕಳದ ಬಾಹುಬಲಿಯು ಬಂಡೆಯ ಗುಡ್ಡದ ನೆತ್ತಿಯಲ್ಲಿದ್ದಾನೆ. ಶ್ರವಣಬೆಳಗೊಳದಲ್ಲಿ ಮೆಟ್ಟಿಲುಗಳು ನೂರಾರು. ಅಲ್ಲಿ ಗಾಲಿಗಳಿಗೆ ಕೆಲಸವಿಲ್ಲ, ಮನುಷ್ಯರ ಹೆಗಲಿಗೆ ಕೆಲಸ. ಬೆಳಗೊಳದಲ್ಲಿ ವೃದ್ಧರನ್ನು ಹೊತ್ತೊಯ್ಯುವ ಡೋಲಿಯವರು ಇದ್ದಾರೆ. ಬೆಳಗಿನ ತಂಪಿನಲ್ಲಿಯೇ ಅವರನ್ನು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಪೇಟೆಗಳಲ್ಲಿಯಂತೂ ಪ್ರತಿಯೊಂದು ಕೂಡುದಾರಿಯಲ್ಲಿ ಆಟೋರಿಕ್ಷಾಗಳು ನಿಂತಿರುವುದರಿಂದ, ಎರಡನೆಯ ಚಾಲಕನಿಲ್ಲದ ಮನೆಯವರು ಧೈರ್ಯಗೆಡಬೇಕಾಗಿಲ್ಲ. ತಂಗುವ ಊರನ್ನು ತಲಪಿದ ಕೂಡಲೇ ಒಬ್ಬ ರಿಕ್ಷಾದವರ ಪರಿಚಯ ಮಾಡಿಕೊಂಡು ಅವರ ಫೋನ್ ಸಂಖ್ಯೆಯನ್ನು ಬಾಗಿಲ ಬಳಿ ಬರೆದಿಟ್ಟರೆ ರಾತ್ರಿಯ ಅಂಜಿಕೆಯು ಅರ್ಧ ಕಳೆಯುವುದು.

ನಮ್ಮ ಮಾತಿನಲ್ಲಿ ಆ ಮನೆಯವರು ಎಲ್ಲವನ್ನೂ ಒಪ್ಪಿದರೆಂದು ಹೇಳುವಂತಿಲ್ಲ. ಮಗನಿಗೆ ಟ್ರೇಲರಿನ ಆಸೆ ಇನ್ನೂ ಬಿಟ್ಟಿಲ್ಲ. ಗಾಲಿಕುರ್ಚಿಯು ಮಾತ್ರ ಮನೆಗಾಡಿಗಿಂತ ಮೊದಲೇ ಮನೆಗೆ ಬಂದಿದೆ. ಅಜ್ಜಿಯವರು ಎರಡು ದಿನ ಅದರ ಹತ್ತಿರ ಸುಳಿಯಲಿಲ್ಲವಂತೆ; ಮೂರನೆಯ ದಿನ ಮೊಮ್ಮಕ್ಕಳು ಅದರಲ್ಲಿ ಕುಳಿತು ಅಂಗಳವೆಲ್ಲ ಓಡಾಡಿದುದನ್ನು ನೋಡಿ, “ಅದು ನನ್ನದಲ್ಲವೇ, ಇತ್ತ ತನ್ನಿ” ಎಂದರಂತೆ. ಮಳೆಗಾಲ ಕಳೆದ ಮೇಲೆ ಮೊದಲು ವೇಣೂರಿಗೆ ಹೋಗುವುದೆಂದು ಗೊತ್ತಾಗಿದೆ.