ಲೋಕಕ್ಕೆಲ್ಲ ಒಂದೇ ಕಾರ್ಡು!

001/001. ಅಚ್ಚಾದದ್ದು ಒಂದು, ಕೈಯಲ್ಲಿರುವುದೇ ಆ ಒಂದು! ಅಂಗೈಯಗಲದ ರಟ್ಟಿನ ಮೇಲೆ ಬಿದ್ದ ಈ ಅಂಕಿಗಾಗಿ 2023ರ ಜೂನಿನಲ್ಲಿ ಖಂಡ ಖಂಡಗಳ ಜನ ಪೊಟ್ಟಣ ಹರಿದರು.

ಟೋಲ್ಕಿನ್ನರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಬಲ್ಲವರಿಗೆ ದುರುಳ ಸೌರಾನನ ಉಂಗುರ ಗೊತ್ತು, ಅಂಥದ್ದು ಇನ್ನೊಂದಿಲ್ಲ. ರಿಚರ್ಡ್ ಗಾರ್ಫೀಲ್ಡ್ ರೂಪಿಸಿ 1993ರಲ್ಲಿ ಹೊರಬಂದ ‘ಮ್ಯಾಜಿಕ್: ದಿ ಗ್ಯಾದರಿಂಗ್’ ಆಟಕ್ಕೆ ಆ ಕತೆಯ ಕಾರ್ಡುಗಳನ್ನು ತರುವಾಗ ವಿಜರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿಗೆ ಎಂಥ ಯೋಚನೆ ಹೊಳೆಯಿತು ನೋಡಿ! ಆಡುವವರಿಗೆ ಉಂಗುರದ ಮಾಮೂಲಿ ಕಾರ್ಡು ಬೇಕಾದಷ್ಟು ಅಚ್ಚಾಯಿತು. ಅದರ ಜೊತೆಗೆ ಒಂದೇ ಒಂದು ಬೇರೆ ಕಾರ್ಡು: ಬರಹ ಎಲ್ಫ್‌ಗಳ ಲಿಪಿಯಲ್ಲಿ, ನುಡಿ ಸೌರಾನನ ಕರಾಳ ಭಾಷೆ. ಅದನ್ನು ‘ಕಲೆಕ್ಟರ್ ಬೂಸ್ಟರ್’ ಪೊಟ್ಟಣಗಳ ರಾಶಿಯಲ್ಲಿ ಎಲ್ಲೋ ಒಂದರೊಳಗೆ ಹುದುಗಿಸಿ ಅಂಗಡಿಗಳಿಗೆ ಕಳಿಸಿಬಿಟ್ಟರು. ಒಂದೇ ಪಡಿಯಚ್ಚನ್ನು ಸಾವಿರ ಸಲ ಒತ್ತಲೆಂದೇ ಹುಟ್ಟಿದ ಯಂತ್ರದಿಂದ, ಜೋಡಿಯೇ ಇಲ್ಲದ ವಸ್ತು!

ನನಗೆ ಇದಕ್ಕಿಂತ ಮೈ ಜುಮ್ಮೆನ್ನಿಸಿದ್ದು ಪಕ್ಕದ ಲೆಕ್ಕ. ಕತೆಯಲ್ಲಿ ಎಲ್ಫ್‌ಗಳಿಗೆ ಮೂರು ಉಂಗುರ, ಕುಳ್ಳರಿಗೆ ಏಳು, ಮನುಷ್ಯರಿಗೆ ಒಂಬತ್ತು. ಇಲ್ಲಿ ‘ಸೋಲ್ ರಿಂಗ್’ ಎಂಬ ಹಳೆಯ ಕಾರ್ಡನ್ನು ಆ ಮೂರು ಕುಲಗಳ ಹೆಸರಿನಲ್ಲಿ ಹೊಸದಾಗಿ ಚಿತ್ರಿಸಿ, ಒಂದೊಂದಕ್ಕೂ ಕ್ರಮಸಂಖ್ಯೆ ಒತ್ತಿದರು. ಎಷ್ಟು ಗೊತ್ತೇ? ಎಲ್ಫ್‌ಗಳದು 300, ಕುಳ್ಳರದು 700, ಮನುಷ್ಯರದು 900! ಯಾರ ಕೈಗೆ 41/300 ಬಿತ್ತೋ ಅವರು ಆ ಕತೆಯ ಲೆಕ್ಕದೊಳಗೇ ಸೇರಿಹೋದರು. ಕ್ರಮಸಂಖ್ಯೆ ಬರಿಯ ಅಂಕಿಯಲ್ಲ, ಕತೆಯ ಮುಂದುವರಿಕೆ ಎಂದು ನಾನು ಹೇಳುವುದು ಇದಕ್ಕೇ.

ಆ ಒಂದೇ ಒಂದು ಉಂಗುರದ ಹುಡುಕಾಟವೋ, ಅಬ್ಬಾ! ಸಿಕ್ಕವರು ತಂದುಕೊಟ್ಟರೆ ಹತ್ತು ಲಕ್ಷ ಡಾಲರ್ ಎಂದು ಅಮೆರಿಕದ ಅಂಗಡಿಯೊಂದು ಹೇಳಿತು. ಸ್ಪೇನಿನ ಅಂಗಡಿಯೊಂದು 20 ಲಕ್ಷ ಯೂರೋ ಎಂದಿತು, ಮೇಲೆ ಪಾಯೆಯಾ ಊಟ! ಈ ಕಾರ್ಡುಗಳ ಸರಣಿ ಬಿಡುಗಡೆಯಾಗಿ ಹೆಚ್ಚು ದಿನಗಳೂ ಕಳೆದಿರಲಿಲ್ಲ, ಕೆನಡಾದಲ್ಲಿ ಒಬ್ಬರ ಪೊಟ್ಟಣದಿಂದ ಉಂಗುರ ಹೊರಬಂತು. ಕಾರ್ಡಿನ ಅಂಚು, ಮೂಲೆ, ಮೈ ಪರೀಕ್ಷಿಸಿ ಅಂಕ ಕೊಡುವ ಪಿಎಸ್‌ಎ ಸಂಸ್ಥೆ ಕೊಟ್ಟದ್ದು ಹತ್ತಕ್ಕೆ ಒಂಬತ್ತು. ಲೋಕಕ್ಕೊಂದೇ ಆದದ್ದಕ್ಕೂ ರಿಯಾಯಿತಿ ಇಲ್ಲ! ಆಗಸ್ಟ್ ಹೊತ್ತಿಗೆ ಅದನ್ನು ಕೊಂಡವರು ಗಾಯಕ ಪೋಸ್ಟ್ ಮಲೋನ್, ತಾವೇ ಈ ಆಟವನ್ನು ಮನಸಾರೆ ಆಡುವವರು. ಕೊಟ್ಟ ಬೆಲೆ 20 ಲಕ್ಷ ಡಾಲರಿಗೂ ಮೇಲೆ.

ಇನ್ನೊಂದು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಆಟದಲ್ಲೂ ಈ ಉಂಗುರದ ಬಲ ಮಿತಿಮೀರಿ, 2024ರ ಡಿಸೆಂಬರಿನಲ್ಲಿ ‘ಮಾಡರ್ನ್’ ಎಂಬ ಬಗೆಯ ಪಂದ್ಯಗಳಿಂದ ಅದನ್ನು ನಿಷೇಧಿಸಬೇಕಾಯಿತು!