ಅಕ್ಕಚ್ಚಿನ ರಹಸ್ಯ: ಶಂಭುನಾಥ ದೇ ಅವರ ಸಂಶೋಧನೆ

ವಾಂತಿಭೇದಿಯು ಮನುಷ್ಯನನ್ನು ಕೊಲ್ಲುವ ರೀತಿ ವಿಚಿತ್ರವಾದುದು. ಸಾಮಾನ್ಯವಾಗಿ ಜ್ವರವಿರುವುದಿಲ್ಲ, ರಕ್ತದಲ್ಲಿ ಹುಡುಕಿದರೆ ರೋಗಾಣು ದೊರೆಯುವುದಿಲ್ಲ, ಕರುಳಿನ ಒಳಪೊರೆಯಲ್ಲಿ ಹೇಳಿಕೊಳ್ಳುವಂತಹ ಹುಣ್ಣೂ ಕಾಣದು. ಆದರೂ ಅಕ್ಕಚ್ಚಿನಂತಹ ಮಬ್ಬು ನೀರು ಲೀಟರುಗಟ್ಟಲೆ ಹರಿದುಹೋಗಿ, ಬೆಳಗ್ಗೆ ಗಟ್ಟಿಮುಟ್ಟಾಗಿದ್ದವನು ಸಂಜೆಯೊಳಗೆ ಕಣ್ಣು ಗುಳಿಬಿದ್ದು, ಚರ್ಮ ಸುಕ್ಕುಗಟ್ಟಿ ಪ್ರಾಣಬಿಡುವುದುಂಟು. ಇಷ್ಟೊಂದು ನೀರನ್ನು ದೇಹದಿಂದ ಹೊರಗೆಳೆಯುವುದು ಯಾವುದು?

1884ರಲ್ಲಿ ಜರ್ಮನಿಯ ರಾಬರ್ಟ್ ಕಾಕ್ ಅವರು ಕಲ್ಕತ್ತೆಯಲ್ಲಿ ಈ ರೋಗದ ಸೂಕ್ಷ್ಮಜೀವಿಯನ್ನು ಬೇರ್ಪಡಿಸಿ ಬೆಳೆಸಿದರು. ಅಲ್ಪವಿರಾಮದ ಚಿಹ್ನೆಯಂತೆ ಬಾಗಿದ ಈ ಜೀವಿಯು ಯಾವುದೋ ವಿಷವನ್ನು ಸ್ರವಿಸುತ್ತಿರಬೇಕೆಂದು ಅವರು ಊಹಿಸಿದ್ದರು. ಆ ಊಹೆಗೆ ಸಾಕ್ಷ್ಯ ದೊರೆತುದು 75 ವರ್ಷಗಳ ತರುವಾಯ, ಅದೂ ಅದೇ ಕಲ್ಕತ್ತೆಯಲ್ಲಿ. ಇಷ್ಟು ತಡವಾದುದೇಕೆ? ಸಂಶೋಧಕರು ರೋಗಾಣುವನ್ನು ಪ್ರಾಣಿಗಳ ಚರ್ಮದಡಿಗೋ ಹೊಟ್ಟೆಯ ಪೊಳ್ಳಿಗೋ ಚುಚ್ಚುತ್ತಿದ್ದರು. ಪ್ರಾಣಿಗಳು ಸಾಯುತ್ತಿದ್ದವು, ಆದರೆ ಭೇದಿಯಾಗುತ್ತಿರಲಿಲ್ಲ. ರೋಗಾಣುವಿನ ಒಡಲು ಒಡೆದಾಗ ಬಿಡುಗಡೆಯಾಗುವ ಅಂತರ್ವಿಷವೇ ಸಾವಿಗೆ ಕಾರಣವಾಗಿತ್ತು. ವಾಂತಿಭೇದಿಯ ವಿಷವೂ ಅದೇ ಎಂದು ಬಹುಮಂದಿ ನಂಬಿದರು. ರೋಗ ನಡೆಯುವ ಸ್ಥಳ ಕರುಳಿನ ಒಳಗು; ಅವರು ಹುಡುಕಿದ್ದು ಬೇರೆಡೆ.

ಶಂಭುನಾಥ ದೇ ಅವರು 1915ರಲ್ಲಿ ಬಂಗಾಳದ ಹೂಗ್ಲಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಜನಿಸಿದರು. ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಓದಿ, 1949ರಲ್ಲಿ ಲಂಡನ್ ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಪಡೆದು ಸ್ವದೇಶಕ್ಕೆ ಮರಳಿದರು. 1953ರಲ್ಲಿ ಚಟರ್ಜಿ ಎಂಬ ಸಹೋದ್ಯೋಗಿಯೊಡನೆ ಅವರು ಪ್ರಕಟಿಸಿದ ಪ್ರಯೋಗಕ್ಕೆ ಬೇಕಾದುದು ಮುಖ್ಯವಾಗಿ ಒಂದು ಮೊಲ, ಸೂಜಿ ಮತ್ತು ದಾರ. ಅರಿವಳಿಕೆ ಕೊಟ್ಟ ಮೊಲದ ಸಣ್ಣಕರುಳಿನ ಒಂದು ತುಂಡನ್ನು, ಅದರ ರಕ್ತನಾಳಗಳಿಗೆ ಧಕ್ಕೆಯಾಗದಂತೆ, ಎರಡು ಕಡೆ ದಾರದಿಂದ ಬಿಗಿದು ಮುಚ್ಚಿದ ಚೀಲವನ್ನಾಗಿ ಮಾಡಿದರು. ಅದರೊಳಕ್ಕೆ ರೋಗಾಣುಗಳನ್ನು ಸೇರಿಸಿ ಹೊಟ್ಟೆಯನ್ನು ಹೊಲಿದರು. ಮರುದಿನ ತೆರೆದು ನೋಡಿದರೆ ಆ ಚೀಲ ನೀರು ತುಂಬಿ ಊದಿಕೊಂಡಿತ್ತು! ರೋಗಾಣುವಿಲ್ಲದ ಬರಿಯ ದ್ರವವನ್ನು ಹಾಕಿದ ಚೀಲ ಎಂದಿನಂತೆ ಚಪ್ಪಟೆಯಾಗಿಯೇ ಇತ್ತು.

ಆದರೆ ನೀರು ತುಂಬಿಸಿದುದು ಜೀವಂತ ರೋಗಾಣುವೇ, ಅದು ಹೊರಚೆಲ್ಲಿದ ವಸ್ತುವೇ? 1959ರಲ್ಲಿ ದೇ ಅವರು ರೋಗಾಣುಗಳು ಬೆಳೆದ ದ್ರವವನ್ನು, ಒಂದು ಜೀವಿಯೂ ಉಳಿಯದಂತೆ ಸೋಸಿ, ಆ ಸೋಸಿದ ದ್ರವವನ್ನಷ್ಟೇ ಕರುಳಿನ ಚೀಲಕ್ಕೆ ಹಾಕಿದರು. ಚೀಲ ಮತ್ತೆ ತುಂಬಿತು. ವಿಷವು ರೋಗಾಣುವಿನ ಒಡಲಿನಲ್ಲಿ ಅಡಗಿದುದಲ್ಲ, ಅದು ಹೊರಕ್ಕೆ ಸ್ರವಿಸುವ ಬಹಿರ್ವಿಷವೆಂಬುದು ಹೀಗೆ ಖಚಿತವಾಯಿತು. ‘ನೇಚರ್’ ಪತ್ರಿಕೆಯಲ್ಲಿ ಬಂದ ಆ ಲೇಖನ ಬಹು ಚಿಕ್ಕದು. ಅದೇ ವರ್ಷ ಮುಂಬಯಿಯ ಹಾಫ್ಕಿನ್ ಸಂಸ್ಥೆಯ ದತ್ತ ಮತ್ತು ಸಂಗಡಿಗರೂ ಮೊಲದ ಮರಿಗಳಲ್ಲಿ ಈ ವಿಷದ ಪ್ರಭಾವವನ್ನು ತೋರಿಸಿದರೆಂಬುದನ್ನು ಇಲ್ಲಿ ಮರೆಯಬಾರದು.

1969ರಲ್ಲಿ ಅಮೆರಿಕದ ಫಿಂಕೆಲ್‌ಸ್ಟೈನ್ ಮತ್ತು ಲೊಸ್ಪಲೂಟೊ ಈ ವಿಷವನ್ನು ಶುದ್ಧರೂಪದಲ್ಲಿ ಪಡೆದರು. ದೇ ಅವರು 1973ರಲ್ಲಿ ನಿವೃತ್ತರಾದರು. 1978ರಲ್ಲಿ ನೊಬೆಲ್ ಪ್ರತಿಷ್ಠಾನದ ವಿಚಾರಗೋಷ್ಠಿಯೊಂದಕ್ಕೆ ಅವರಿಗೆ ಆಹ್ವಾನ ಬಂದಿತು. ಸ್ವದೇಶದ ಅಕಾಡೆಮಿಗಳು ಮಾತ್ರ ಅವರನ್ನು ಸದಸ್ಯರನ್ನಾಗಿ ಆರಿಸಲಿಲ್ಲ. 1985ರಲ್ಲಿ ಅವರು ತೀರಿಕೊಂಡರು. 1990ರಲ್ಲಿ ನಮ್ಮ ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ ಪತ್ರಿಕೆ ಅವರ ನೆನಪಿಗೆ ವಿಶೇಷ ಸಂಚಿಕೆಯನ್ನು ತಂದಿತು. ಸತ್ಕಾರ್ಯವೇ, ಆದರೆ ಅದನ್ನು ಓದಲು ಅವರಿರಲಿಲ್ಲ.

ಈ ವಿಷವು ಎರಡು ಭಾಗಗಳುಳ್ಳ ಪ್ರೋಟೀನು. ಐದು ಸಮಾನ ಘಟಕಗಳ ಒಂದು ಬಳೆಯು ಕರುಳಿನ ಜೀವಕೋಶವನ್ನು ಹಿಡಿದುಕೊಳ್ಳುತ್ತದೆ. ಇನ್ನೊಂದು ಭಾಗವು ಒಳಹೊಕ್ಕು, ಆರಬೇಕಾದ ಒಂದು ಸಂಕೇತವನ್ನು ಆರದಂತೆ ಮಾಡುತ್ತದೆ. ಜೀವಕೋಶವು ಕ್ಲೋರೈಡನ್ನು ಎಡೆಬಿಡದೆ ಹೊರಚೆಲ್ಲುತ್ತದೆ. ಸೋಡಿಯಮ್ಮೂ ನೀರೂ ಅದನ್ನು ಹಿಂಬಾಲಿಸುತ್ತವೆ. ಕೋಶವು ಸಾಯುವುದಿಲ್ಲ, ಆದುದರಿಂದಲೇ ಹುಣ್ಣಿಲ್ಲ. ಸಕ್ಕರೆಯೊಡನೆ ಉಪ್ಪನ್ನು ಹೀರಿಕೊಳ್ಳುವ ಮಾರ್ಗವೂ ಕೆಡುವುದಿಲ್ಲ. ಗ್ಲೂಕೋಸು ಮತ್ತು ಉಪ್ಪು ಬೆರೆಸಿದ ನೀರನ್ನು ಕುಡಿಸಿದರೆ ರೋಗಿ ಬದುಕುವುದು ಇದರಿಂದಲೇ. 1971ರಲ್ಲಿ ಬನಗಾಂವ್‌ನ ನಿರಾಶ್ರಿತರ ನಡುವೆ ದಿಲೀಪ್ ಮಹಾಲನಬೀಸ್ ಅವರು ಈ ಚಿಕಿತ್ಸೆಯ ಬಲವನ್ನು ಸಾವಿರಾರು ರೋಗಿಗಳಲ್ಲಿ ತೋರಿಸಿಕೊಟ್ಟರು.

ಮೇಲೆ ಹೇಳಿದ ಬಳೆಯು ತಾನಾಗಿ ವಿಷಕಾರಿಯಲ್ಲ. ಆದರೂ ದೇಹವು ಅದರ ವಿರುದ್ಧ ಪ್ರತಿಕಾಯಗಳನ್ನು ಸಿದ್ಧಪಡಿಸುತ್ತದೆ. ಸ್ವೀಡನ್ನಿನಲ್ಲಿ ಇದನ್ನು ಸತ್ತ ರೋಗಾಣುಗಳೊಡನೆ ಬೆರೆಸಿ ಬಾಯಿಯ ಮೂಲಕ ಕುಡಿಸುವ ಲಸಿಕೆಯನ್ನು ತಯಾರಿಸಿದರು. ಬಳೆಯನ್ನು ಸೇರಿಸದೆ, ಸತ್ತ ರೋಗಾಣುಗಳಿಂದಲೇ ಮಾಡಿದ ಅಗ್ಗದ ಲಸಿಕೆಗಳೂ ಬಳಕೆಗೆ ಬಂದಿವೆ. ಅವೂ ಕುಡಿಸುವಂತಹವೇ; ರಕ್ಷಣೆ ಬೇಕಾದುದು ಕರುಳಿನ ಒಳಗೋಡೆಗಾದುದರಿಂದ ಅಲ್ಲಿಗೇ ಲಸಿಕೆಯನ್ನು ತಲಪಿಸುತ್ತಾರೆ.