ಬಣ್ಣದ ಮರದ ಮೀನು: ಹವ್ಯಾಸವು ಉದ್ಯಮವಾಗುವಾಗ

ಹವ್ಯಾಸವಾಗಿ ಆರಂಭಗೊಂಡು ಉದ್ಯಮವಾಗಿ ಬೆಳೆದ ಕಸುಬುಗಳ ಪೈಕಿ ಮೀನು ಹಿಡಿಯುವ ಕೃತಕ ಎರೆಯ ತಯಾರಿಕೆಯೂ ಒಂದು. ಮರವನ್ನು ಸಣ್ಣ ಮೀನಿನ ಆಕಾರದಲ್ಲಿ ಕೆತ್ತಿ, ಬಣ್ಣ ಹಚ್ಚಿ, ಕೊಕ್ಕೆ ಜೋಡಿಸಿದ ಈ ಎರೆಯನ್ನು 'ಲ್ಯೂರ್' ಎನ್ನುತ್ತಾರೆ. ಫಿನ್ಲೆಂಡಿನ ಮೀನುಗಾರ ಲೌರಿ ರಾಪಾಲಾ 1936ರಲ್ಲಿ ಕಾರ್ಕನ್ನು ಕೆತ್ತಿ, ಚಾಕೊಲೆಟ್ಟಿನ ಬೇಗಡೆ ಹಾಳೆ ಸುತ್ತಿ, ಕರಗಿಸಿದ ಫೋಟೋ ನೆಗೆಟಿವ್‌ಗಳನ್ನು ಲೇಪಿಸಿ ತಮ್ಮ ಎರೆಯನ್ನು ರೂಪಿಸಿದರು. ಅಂದು ಮನೆಯಲ್ಲಿ ಹುಟ್ಟಿದ ಸರಕು ಇಂದು ಅವರ ಹೆಸರಿನಲ್ಲೇ ದೇಶದೇಶಗಳಲ್ಲಿ ಮಾರಾಟವಾಗುತ್ತಿದೆ.

ಅಮೆರಿಕದಲ್ಲಿ ಇಂತಹ ಎರೆಗಳನ್ನು ಮನೆಯ ಶೆಡ್ಡಿನಲ್ಲೇ ತಯಾರಿಸಿ ಮಾರುವವರಿದ್ದಾರೆ. ಇವರ ಮುಖ್ಯ ಸಾಧನ ಏರ್‌ಬ್ರಷ್. ಲೇಖನಿಯಂತೆ ಕೈಯಲ್ಲಿ ಹಿಡಿಯುವ ಈ ಪುಟ್ಟ ಯಂತ್ರವು ಕಂಪ್ರೆಸರಿನ ಗಾಳಿಯಿಂದ ಬಣ್ಣವನ್ನು ಮಂಜಿನಂತೆ ಸಿಂಪಡಿಸುತ್ತದೆ.

ಬಾಲ್ಸಾ, ಸೀಡರ್ ಮುಂತಾದ ಹಗುರ ಮರಗಳು ನೀರು ಹೀರಿ ಉಬ್ಬಿದರೆ ಬಣ್ಣ ಬಿರುಕು ಬಿಡುತ್ತದೆ. ಆದುದರಿಂದ ಮೊದಲು ಸೀಲರ್ ಲೇಪಿಸಿ, ಉಪ್ಪುಕಾಗದದಿಂದ ಉಜ್ಜಿ, ಬಿಳಿಯ ತಳಬಣ್ಣ ಕೊಡಲಾಗುತ್ತದೆ. ಅನಂತರ ತಿಳಿಬಣ್ಣದಿಂದ ಗಾಢಬಣ್ಣಕ್ಕೆ ತೆಳುವಾದ ಪದರಗಳಲ್ಲಿ ಸಾಗಬೇಕು. ನಿಜವಾದ ಮೀನಿನಂತೆ ಹೊಟ್ಟೆ ಬೆಳ್ಳಗೆ, ಬೆನ್ನು ಕಪ್ಪಗೆ ಕಾಣಬೇಕು. ಸಣ್ಣ ಕಣ್ಣಿನ ಬಲೆಬಟ್ಟೆಯನ್ನು ಬಿಗಿಯಾಗಿ ಸುತ್ತಿ ಸಿಂಪಡಿಸಿದರೆ ಹುರುಪೆಗಳ ವಿನ್ಯಾಸ ಮೂಡುತ್ತದೆ. ಕೊನೆಗೆ ಎಪಾಕ್ಸಿಯ ಪಾರದರ್ಶಕ ಲೇಪನ. ಅದು ಒಂದೇ ಕಡೆ ಇಳಿಯದಂತೆ ಗಟ್ಟಿಯಾಗುವವರೆಗೆ ಎರೆಯನ್ನು ನಿಧಾನವಾಗಿ ತಿರುಗಿಸುತ್ತಿರಬೇಕು.

ಸಿಂಪಡಿಸಲು ತಗಲುವ ಸಮಯ ಅಲ್ಪ. ಒಣಗಲು ಮತ್ತು ಏರ್‌ಬ್ರಷ್ ತೊಳೆಯಲು ತಗಲುವ ಸಮಯವೇ ಅಧಿಕ. ಎರೆಗಳನ್ನು ಒಂದೊಂದಾಗಿ ಮುಗಿಸುವವರು ಪ್ರತಿ ಬಣ್ಣಕ್ಕೂ ಯಂತ್ರ ತೊಳೆಯಬೇಕಾಗುತ್ತದೆ. ಒಂದೇ ಬಣ್ಣವನ್ನು ಡಜನ್ ಎರೆಗಳಿಗೆ ಒಟ್ಟಿಗೆ ಹಾಕುವವರಿಗೆ ಆ ಶ್ರಮ ಉಳಿಯುತ್ತದೆ. ಬಣ್ಣದ ಮಂಜು ಶ್ವಾಸಕೋಶಕ್ಕೆ ಹಾನಿಕರ. ಐಸೊಸಯನೇಟ್ ಇರುವ ಲೇಪನಗಳು ಉಬ್ಬಸಕ್ಕೂ ಕಾರಣವಾಗಬಲ್ಲವು. ಆದ್ದರಿಂದ ಮುಖಕವಚ ಹಾಗೂ ಗಾಳಿ ಹೊರಹಾಕುವ ವ್ಯವಸ್ಥೆಯ ವೆಚ್ಚವನ್ನೂ ಬಂಡವಾಳದಲ್ಲಿ ಸೇರಿಸಬೇಕು.

ಹವ್ಯಾಸಿಗಳು ಮರೆಯುವ ಇನ್ನೊಂದು ಬಾಬ್ತು ತೆರಿಗೆ. ಅಮೆರಿಕದಲ್ಲಿ ಕೃತಕ ಎರೆಗಳ ಮೇಲೆ ಶೇ. 10ರಷ್ಟು ಕೇಂದ್ರ ಅಬಕಾರಿ ಸುಂಕವಿದೆ. ಎರೆ ತಯಾರಿಸಿ ಮಾರುವವನು ಶೆಡ್ಡಿನಲ್ಲಿ ದುಡಿಯುವ ಒಬ್ಬಂಟಿಯಾದರೂ ಕಾನೂನಿನ ದೃಷ್ಟಿಯಲ್ಲಿ ತಯಾರಕನೇ. ಸುಂಕದ ಹೊರತಾದ ಬೆಲೆ 20 ಡಾಲರ್ ಎಂದಿಟ್ಟುಕೊಂಡರೆ ಸುಂಕ 2 ಡಾಲರ್. ಬೆಲೆ ಕಟ್ಟುವಾಗ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಅಷ್ಟೂ ಹಣ ಅವನ ಕೂಲಿಯಿಂದಲೇ ಹೋಗುತ್ತದೆ. 1950ರ ಡಿಂಗೆಲ್-ಜಾನ್ಸನ್ ಕಾಯಿದೆಯನ್ವಯ ಈ ಸುಂಕದ ಹಣ ಮೀನು ಸಂಪತ್ತಿನ ರಕ್ಷಣೆ ಹಾಗೂ ಅಭಿವೃದ್ಧಿಗಾಗಿ ರಾಜ್ಯಗಳಿಗೆ ಹಂಚಿಕೆಯಾಗುತ್ತದೆ. ಕೆರೆ-ನದಿಗಳಲ್ಲಿ ಮೀನು ಉಳಿದರಷ್ಟೇ ಎರೆಗೆ ಗಿರಾಕಿಯೂ ಉಳಿಯುತ್ತಾನೆ. ಆ ದೃಷ್ಟಿಯಿಂದ ಸುಂಕವು ಕಸುಬಿಗೂ ಆಸರೆ.

ಎರೆಯ ಬಣ್ಣ ಮೀನಿನ ಕಣ್ಣಿಗೆ ಬೀಳುವ ಮೊದಲು ಗಿರಾಕಿಯ ಕಣ್ಣಿಗೆ ಬೀಳಬೇಕು ಎಂಬುದು ನಿಜ. ಆದರೆ ಚೆಂದದ ಬಣ್ಣದಿಂದ ಮೊದಲ ಮಾರಾಟವಾದೀತೇ ಹೊರತು ಕಸುಬು ನಿಲ್ಲದು. ಒಣಗುವ ಗಂಟೆ, ಕೆಟ್ಟುಹೋದ ಎರೆ, ಮುಖಕವಚ, ಸುಂಕ ಇವೆಲ್ಲವನ್ನೂ ಬರೆದಿಟ್ಟು ಬೆಲೆ ಕಟ್ಟಿದ ಕುಶಲಕರ್ಮಿಯೇ ಉದ್ಯಮಿಯಾಗಬಲ್ಲ. ಕೈಕೆಲಸವನ್ನೇ ನಂಬಿದ ಯಾವ ಸಣ್ಣ ಉದ್ದಿಮೆಗೂ ಈ ಮಾತು ಅನ್ವಯಿಸುತ್ತದೆ.